ಅದು ದೊಡ್ಡ ಕಥೆ, ಬಿಡಿ

(ಒಂದು ಸಂಜೆ ಮಾತಾಡಿದ್ದರ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ಒಂದೇ ಸಲಕ್ಕೆ ಇಳಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನೀವೆಲ್ಲ ಒಳಗೆ ಬರುವಾಗ ನಾನು ಆ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಜೊತೆಯಾಗಿ ಬಂದವರು ಮಾತು ನಿಲ್ಲಿಸದೆ ನೇರ ನಡೆದು ಬಂದು ಕೂತರು. ಒಬ್ಬೊಬ್ಬರೇ ಬಂದವರು ಮಾತ್ರ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಕಣ್ಣು ಸಭೆಯ ಸುತ್ತ ಒಂದು ಸುತ್ತು ಓಡಿತು, ಗುರುತಿನ ಮುಖ ಇದೆಯಾ ಅಂತ. ಇಲ್ಲ ಅಂತ ಗೊತ್ತಾದ ಮೇಲೆ ಕೈ ತಾನಾಗಿಯೇ ಜೇಬಿಗೋ ಬ್ಯಾಗಿಗೋ ಹೋಯಿತು, ಫೋನ್ ಹೊರಗೆ ಬಂತು. ಅದರಲ್ಲಿ ಏನೂ ಬಂದಿರಲಿಲ್ಲ, ಆದರೂ ನೋಡಿದರು. ಆಮೇಲೆ ಸಾಲಿನ ತುದಿಯ ಕುರ್ಚಿ. ಯಾವಾಗ ಬೇಕಾದರೂ ಸದ್ದಿಲ್ಲದೆ ಎದ್ದು ಹೋಗಬಹುದಾದ ಕುರ್ಚಿ. ನಗಬೇಡಿ, ನಾನೂ ಅಲ್ಲೇ ಕೂರುವವನು. ಇವತ್ತು ಕೈಗೆ ಮೈಕ್ ಕೊಟ್ಟಿದ್ದಾರೆ ಅಂತ ಬಚಾವಾದೆ.

ಹೊರಗಿನವರಾಗಿ ಇರುವ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನನ್ನನ್ನೇ ಯಾಕೆ ಕರೆದರು ಅಂತ ಕೇಳಲಿಲ್ಲ. ಕೇಳಿದ್ದರೆ ಬೇಜಾರಾಗುವ ಉತ್ತರ ಬರುತ್ತಿತ್ತೇನೋ.

26ನೇ ವಯಸ್ಸಿನಲ್ಲಿ ಒಂದು ಹೊಸ ಕೆಲಸಕ್ಕೆ ಸೇರಿದೆ. ವಿಭಾಗದಲ್ಲಿ ಒಂಬತ್ತು ಜನ ಇದ್ದರು, ನಾನು ಹತ್ತನೆಯವನು. ಒಬ್ಬರೂ ಕೆಟ್ಟವರಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೊರಗಿನವನ ಕಥೆ ಅಂದ ತಕ್ಷಣ ಎಲ್ಲರೂ ವಿಲನ್ ಯಾರು ಅಂತ ಹುಡುಕುತ್ತಾರೆ. ಅಲ್ಲಿ ಅಂಥವರು ಯಾರೂ ಇರಲಿಲ್ಲ. ಮೊದಲ ದಿನವೇ ಕುರ್ಚಿ ಕೊಟ್ಟರು, ಕಂಪ್ಯೂಟರ್ ಕೊಟ್ಟರು, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಟ್ಟರು, ‘ಏನು ಬೇಕಾದರೂ ಕೇಳಿ, ಸಂಕೋಚ ಬೇಡ’ ಅಂದರು.

ಎರಡನೇ ದಿನ ಒಬ್ಬರು ತಡವಾಗಿ ಬಂದರು. ಅವರು ಬಾಗಿಲು ದಾಟುವ ಮೊದಲೇ ಯಾರೋ ‘ಲಿಫ್ಟು ಬಂತಾ?’ ಅಂದರು. ಅಷ್ಟೂ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಅರೆಕ್ಷಣ ತಡವಾಗಿ. ಆ ತಡವಾದ ನಗು ನಿಮಗೂ ಗೊತ್ತಿರುತ್ತದೆ, ಬಾಯಿ ನಗುತ್ತಿರುತ್ತದೆ, ಕಣ್ಣು ಮಾತ್ರ ಬೇರೆಯವರ ಮುಖದ ಮೇಲೆ, ಇನ್ನೂ ಎಷ್ಟು ಹೊತ್ತು ನಗಬೇಕು ಅಂತ ಲೆಕ್ಕ ಹಾಕುತ್ತಿರುತ್ತದೆ. ‘ಏನದು ಲಿಫ್ಟು?’ ಅಂತ ಪಕ್ಕದವರನ್ನು ಕೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ‘ಅಯ್ಯೋ, ಅದು ದೊಡ್ಡ ಕಥೆ, ಬಿಡಿ’ ಅಂದರು.

ಪ್ರೀತಿಯಿಂದಲೇ ಅಂದರು. ನಾನು ಬಿಟ್ಟೆ. 14 ತಿಂಗಳು ಬಿಟ್ಟೆ. ವಾರಕ್ಕೆ ಎರಡು ಮೂರು ಸಲ ಆ ಲಿಫ್ಟು ಬರುತ್ತಿತ್ತು, ನಾನು ಪ್ರತಿ ಸಲವೂ ನಗುತ್ತಿದ್ದೆ. ಎರಡು ಮೂರು ತಿಂಗಳಾದ ಮೇಲೆ ಕೇಳುವ ಹಾಗೂ ಇರಲಿಲ್ಲ. ಇಪ್ಪತ್ತು ಸಲ ನಕ್ಕವನು ‘ಇಷ್ಟು ದಿನ ಯಾಕೆ ನಗುತ್ತಿದ್ದೆ ಅಂತ ನನಗೇ ಗೊತ್ತಿಲ್ಲ’ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು? ಹೊಸಬನಿಗೆ ಪ್ರಶ್ನೆ ಕೇಳಲು ಒಂದು ಗಡುವು ಇರುತ್ತದೆ. ಅದು ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳುವುದಿಲ್ಲ.

ಲಿಫ್ಟಿನ ಕಥೆ ಏನು ಅಂತ ಈಗ ನಿಮಗೂ ಅನ್ನಿಸುತ್ತಿರಬೇಕು. ಅದು ದೊಡ್ಡ ಕಥೆ, ಬಿಡಿ.

ನಮ್ಮ ಭಾಷೆಯಲ್ಲಿ ಮರ್ಯಾದೆ ಕೊಟ್ಟೇ ಒಬ್ಬರನ್ನು ದೂರ ಇಡಬಹುದು. ಆ ಒಂಬತ್ತು ಜನ ತಮ್ಮತಮ್ಮಲ್ಲಿ ಹೋಗೋ, ಬಾರೇ, ಲೇ, ನಿಂದೊಳ್ಳೆ ಗೋಳಾಯ್ತಲ್ಲೋ. ನನ್ನ ಕಡೆ ತಿರುಗಿದ ತಕ್ಷಣ ‘ನೀವು ಬನ್ನಿ’, ‘ನಿಮ್ಮದು ಮುಗೀತಾ?’. ಬೇರೆ ಕಡೆ ಬಹುವಚನ ಸಿಕ್ಕಿದರೆ ಖುಷಿಪಡಬೇಕು. ಅಲ್ಲಿ ಅದು ಬೇಲಿ. ಒಂದು ದಿನ ಯಾವುದೋ ಅವಸರದಲ್ಲಿ ಒಬ್ಬರು ನನಗೆ ‘ಏಯ್, ಆ ಫೈಲ್ ಕೊಡೋ ಇಲ್ಲಿ’ ಅಂದುಬಿಟ್ಟರು. ಆ ‘ಕೊಡೋ’ ಕೇಳಿ ನನಗೆ ತುಂಬಾ ಹಿತವಾಯಿತು. ಆದರೆ ಎದ್ದು ಹೋಗಿ ಕೊಡುವಷ್ಟರಲ್ಲಿ ಅವರು ನಾಲಿಗೆ ಕಚ್ಚಿಕೊಂಡು ‘ಸಾರಿ ಸಾರಿ, ಕೊಡಿ’ ಅಂದರು. ಹಿತವೆಲ್ಲ ಇಳಿದುಹೋಯಿತು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಇನ್ನು ‘ನಾವು’. ತೆಲುಗಿನವರು ಎದುರಿಗಿರುವವರನ್ನೂ ಸೇರಿಸಿಕೊಂಡು ಹೇಳುವಾಗ ‘ಮನಂ’ ಅನ್ನುತ್ತಾರೆ, ಬಿಟ್ಟು ಹೇಳುವಾಗ ‘ಮೇಮು’. ತಮಿಳಿನಲ್ಲಿ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ತುಳುವಿನಲ್ಲೂ ‘ನಮ’ ಒಂದು, ‘ಎಂಕುಳು’ ಒಂದು. ಕನ್ನಡದಲ್ಲಿ ಎಲ್ಲದಕ್ಕೂ ಒಂದೇ ನಾವು. ‘ಭಾನುವಾರ ನಾವೆಲ್ಲ ಹೋಗ್ತಾ ಇದ್ದೀವಿ’ ಅಂತ ನನ್ನೆದುರೇ ಒಬ್ಬರು ಅಂದರೆ, ಆ ನಾವು ಒಳಗೆ ನಾನಿದ್ದೀನೋ ಇಲ್ಲವೋ? ವ್ಯಾಕರಣ ಸಹಾಯಕ್ಕೆ ಬರುವುದಿಲ್ಲ. ಮುಖ ನೋಡಿ ಊಹಿಸಬೇಕು. ಇಲ್ಲದಿದ್ದರೆ ಸೋಮವಾರ ಫೋಟೋ ನೋಡಿ ತಿಳಿದುಕೊಳ್ಳಬೇಕು.

ಇಷ್ಟಕ್ಕೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು ಅಂತ ನೀವು ಕೇಳಬಹುದು. ನಾನೂ ನನ್ನನ್ನು ಹಾಗೇ ಬೈದುಕೊಂಡಿದ್ದೇನೆ, ಇಷ್ಟು ಸೂಕ್ಷ್ಮ ಆದರೆ ಬದುಕೋದು ಹೇಗಪ್ಪಾ ಅಂತ. ಆಮೇಲೆ ಒಬ್ಬರ ಕೆಲಸದ ಬಗ್ಗೆ ಓದಿದೆ, ಸ್ವಲ್ಪ ಸಮಾಧಾನವಾಯಿತು. ಕಿಪ್ಲಿಂಗ್ ವಿಲಿಯಮ್ಸ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು. ಒಂದು ದಿನ ನಾಯಿ ಕರೆದುಕೊಂಡು ಪಾರ್ಕಿಗೆ ಹೋಗಿ ಕೂತಿದ್ದರಂತೆ. ಹತ್ತಿರದಲ್ಲಿ ಇಬ್ಬರು ಫ್ರಿಸ್ಬಿ ಆಡುತ್ತಿದ್ದರು. ಅದು ಉರುಳಿ ಇವರ ಬಳಿಗೆ ಬಂತು, ಇವರು ಎದ್ದು ವಾಪಸ್ ಎಸೆದರು. ಸರಿ, ಇನ್ನು ಕೂರೋಣ ಅನ್ನುವಷ್ಟರಲ್ಲಿ ಅವರು ಮತ್ತೆ ಇವರ ಕಡೆಗೇ ಎಸೆದರು. ಹೀಗೆ ಸ್ವಲ್ಪ ಹೊತ್ತು ಮೂವರ ಆಟ ನಡೆಯಿತು. ಆಮೇಲೆ ಇದ್ದಕ್ಕಿದ್ದಂತೆ ಅವರಿಬ್ಬರು ಇವರಿಗೆ ಎಸೆಯುವುದನ್ನು ನಿಲ್ಲಿಸಿ, ಮೊದಲಿನ ಹಾಗೆ ತಮ್ಮಷ್ಟಕ್ಕೆ ಆಡತೊಡಗಿದರು. ಹೆಸರು ಗೊತ್ತಿಲ್ಲದ ಇಬ್ಬರು, ಮತ್ತೆಂದೂ ಸಿಗದವರು. ಆದರೂ ಆ ಗಳಿಗೆಯಲ್ಲಿ ಆದ ಅವಮಾನ ನೋಡಿ ಅವರಿಗೇ ಆಶ್ಚರ್ಯವಾಯಿತು. ಕೈ ಚಾಚಿಕೊಂಡು ನಿಂತಿದ್ದಾರೆ, ಬರುವುದಿಲ್ಲ ಅಂತ ಗೊತ್ತಾಗಿದೆ, ಆ ಕೈ ಹೇಗೆ ಇಳಿಸುವುದು? ನಾನು ಓದುವಾಗ ಯೋಚಿಸಿದ್ದು ಆ ಕೈಯ ಬಗ್ಗೆಯೇ.

ಅದನ್ನೇ ಅವರು ಪ್ರಯೋಗ ಮಾಡಿದರು. ಕಂಪ್ಯೂಟರ್ ಪರದೆಯ ಮೇಲೆ ಚೆಂಡು ಎಸೆಯುವ ಆಟ, ಹೆಸರು ಸೈಬರ್‌ಬಾಲ್. ಬೇರೆ ಎಲ್ಲೋ ಕೂತ ಆಟಗಾರರು ನಿಮ್ಮ ಜೊತೆ ಆಡುತ್ತಿದ್ದಾರೆ ಅಂತ ಹೇಳುತ್ತಾರೆ. ಮೊದಲು ಒಂದೆರಡು ಸಲ ಚೆಂಡು ನಿಮಗೆ ಬರುತ್ತದೆ, ಆಮೇಲೆ ಬರುವುದೇ ಇಲ್ಲ. ಕೆಲವೇ ನಿಮಿಷದ ಆಟ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 62 ದೇಶಗಳ 1,486 ಜನ ಇದನ್ನು ಆಡಿದ್ದರು. ಚೆಂಡು ಸಿಗದವರ ಮನಸ್ಸು ಕುಗ್ಗಿತು, ತಾವು ಯಾರಿಗೂ ಸೇರಿದವರಲ್ಲ ಅನ್ನಿಸಿತು. ಇನ್ನೂ ವಿಚಿತ್ರ ಗೊತ್ತಾ? 2004ರ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಮೊದಲೇ ಹೇಳಿದರು, ಆ ಕಡೆ ಮನುಷ್ಯರಿಲ್ಲ, ಬರೀ ಕಂಪ್ಯೂಟರ್ ಅಂತ. ಆದರೂ ನೋವಾಯಿತು. ಯಂತ್ರ ನನ್ನನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ ಮನುಷ್ಯ ಬೇಜಾರು ಮಾಡಿಕೊಂಡ. ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನವೂ ಇದೆ, 2003ರದು. ಮೈಗೆ ಪೆಟ್ಟಾದಾಗ ಚುರುಕಾಗುವ ಭಾಗವೇ ಚೆಂಡು ಸಿಗದಾಗಲೂ ಚುರುಕಾಯಿತು ಅಂತ ಅದು ಹೇಳಿತು. ಆ ಭಾಗ ಬರೀ ನೋವಿಗೆ ಮೀಸಲಾದದ್ದಲ್ಲ ಅಂತ ಆಮೇಲೆ ಬೇರೆಯವರು ತಕರಾರು ತೆಗೆದರು. ಆ ಜಗಳ ಅವರಿಗೇ ಇರಲಿ. ನೋವಾಗುತ್ತದೆ ಅನ್ನುವುದಕ್ಕೆ ನನಗೆ ಸ್ಕ್ಯಾನ್ ಬೇಕಿಲ್ಲ.

ಹಳೆಯ ಅಥೆನ್ಸಿನವರು ಈ ವಿಷಯದಲ್ಲಿ ನಮಗಿಂತ ನೇರ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿ ಒಬ್ಬರನ್ನು ಊರಿಂದ ಹೊರಗೆ ಹಾಕಬೇಕಾದರೆ ಜನ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕುತ್ತಿದ್ದರು. ಅದಕ್ಕೆ ಕನಿಷ್ಠ 6,000 ಚೂರು ಬೀಳಬೇಕಿತ್ತು. ಹೋದವನು ಹತ್ತು ವರ್ಷ ಊರಿಗೆ ಕಾಲಿಡುವ ಹಾಗಿಲ್ಲ, ಆದರೆ ಆಸ್ತಿ ಅವನದೇ, ಹತ್ತು ವರ್ಷ ಮುಗಿದ ಮೇಲೆ ವಾಪಸ್ ಬರಬಹುದು. ಇಂಗ್ಲಿಷಿನ ಆಸ್ಟ್ರಸಿಸಂ ಅನ್ನುವ ಪದ ಆ ಚೂರಿನಿಂದಲೇ ಬಂದದ್ದು. ಕ್ರೂರ ಅನ್ನಿಸಬಹುದು. ಆದರೆ ಅಲ್ಲಿ ಮತ ಇತ್ತು, ಎಣಿಕೆ ಇತ್ತು, ಅವಧಿ ಇತ್ತು. ನಮ್ಮ ಗುಂಪುಗಳಲ್ಲಿ ಮತವೂ ಇಲ್ಲ, ಅವಧಿಯೂ ಇಲ್ಲ. ಯಾರೂ ಹೊರಗೆ ಹಾಕಿರುವುದೂ ಇಲ್ಲ. ಸುಮ್ನೆ ಚೆಂಡು ಬರುವುದಿಲ್ಲ, ಅಷ್ಟೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಟ್ಟಿನ ಕಾರಣಕ್ಕೆ, ಬಣ್ಣದ ಕಾರಣಕ್ಕೆ, ಕಾಗದಪತ್ರ ಇಲ್ಲ ಅನ್ನುವ ಕಾರಣಕ್ಕೆ ಒಬ್ಬರನ್ನು ಹೊರಗಿಡುವುದು ಬೇರೆಯೇ ಮಾತು. ಅಲ್ಲಿ ವಿಲನ್ ಇರುತ್ತಾನೆ, ಕಾನೂನೂ ಕೆಲವು ಸಲ ಅವನ ಪಕ್ಕದಲ್ಲಿ ನಿಂತಿರುತ್ತದೆ. ಅದನ್ನೂ ನನ್ನ ಲಿಫ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಪ್ಪಾಗುತ್ತದೆ. ನಾನು ಮಾತಾಡುತ್ತಿರುವುದು ಒಳ್ಳೆಯವರೇ ತುಂಬಿರುವ ಕೋಣೆಯಲ್ಲಿ ಒಬ್ಬ ಹೊರಗೆ ಉಳಿಯುವುದು ಹೇಗೆ ಅನ್ನುವುದರ ಬಗ್ಗೆ.

ಇದರ ಬಗ್ಗೆ ನನಗೆ ತುಂಬಾ ಹಿಡಿಸಿದ ಅಧ್ಯಯನ ಒಂದಿದೆ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ನಾರ್ಬರ್ಟ್ ಎಲಿಯಾಸ್ ಅನ್ನುವ ಸಮಾಜಶಾಸ್ತ್ರಜ್ಞರು ಮತ್ತು ಜಾನ್ ಸ್ಕಾಟ್ಸನ್ ಅನ್ನುವ ಶಾಲಾ ಮೇಷ್ಟ್ರು ಸೇರಿ ಇಂಗ್ಲೆಂಡಿನ ಲೆಸ್ಟರ್ ನಗರದ ಹತ್ತಿರದ ಒಂದು ಜಾಗವನ್ನು ನೋಡಿ 1965ರಲ್ಲಿ ಪುಸ್ತಕ ತಂದರು. ಆ ಜಾಗಕ್ಕೆ ವಿನ್‌ಸ್ಟನ್ ಪಾರ್ವ ಅಂತ ಸುಳ್ಳು ಹೆಸರು ಇಟ್ಟಿದ್ದರು. ಅಲ್ಲಿ ಅಕ್ಕಪಕ್ಕ ಎರಡು ಕಾರ್ಮಿಕರ ಬಡಾವಣೆ. ಒಂದರಲ್ಲಿ ಎರಡು ಮೂರು ತಲೆಮಾರಿನಿಂದ ಇದ್ದ ಮನೆತನಗಳು. ಇನ್ನೊಂದು ಹೊಸದು, ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಲಂಡನ್ ಬಿಟ್ಟು ಬಂದವರೂ ಅಲ್ಲಿದ್ದರು. ಈಗ ನೋಡಿ, ಎರಡೂ ಕಡೆಯವರ ಬಣ್ಣ ಒಂದೇ. ಭಾಷೆ ಒಂದೇ. ಕೆಲಸ ಒಂದೇ ಥರದ್ದು, ಸಂಬಳವೂ ಹೆಚ್ಚುಕಡಿಮೆ ಒಂದೇ. ಇದ್ದ ವ್ಯತ್ಯಾಸ ಇಷ್ಟೇ, ಇವರು ಮೊದಲು ಬಂದವರು, ಅವರು ಆಮೇಲೆ ಬಂದವರು. ಆಮೇಲೆ ಅಂದರೂ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಗಿತ್ತು! ಇಪ್ಪತ್ತು ವರ್ಷ ಆದರೂ ಹೊಸಬರು.

ಹಳಬರು ಹೊಸಬರನ್ನು ಕೀಳಾಗಿ ಕಾಣುತ್ತಿದ್ದರು. ಗಲೀಜು, ಗಲಾಟೆ, ಮಕ್ಕಳನ್ನು ಬೆಳೆಸುವುದು ಗೊತ್ತಿಲ್ಲ, ಹೀಗೆ. ಹೊಸ ಬಡಾವಣೆಯಲ್ಲಿ ಗಲಾಟೆ ಮಾಡುವ ನಾಲ್ಕಾರು ಮನೆ ಇದ್ದದ್ದು ನಿಜ. ಆದರೆ ಆ ನಾಲ್ಕಾರು ಮನೆಯ ಹೆಸರು ಇಡೀ ಬಡಾವಣೆಗೆ ಅಂಟಿತು. ತಮ್ಮ ವಿಷಯ ಬಂದಾಗ ಹಳಬರು ತಮ್ಮಲ್ಲಿನ ಒಳ್ಳೆಯ ನಾಲ್ಕು ಮನೆಯನ್ನು ತೋರಿಸಿ, ನಾವು ಹೀಗೆ ಅಂದರು. ಹಳಬರಲ್ಲಿ ಯಾರಾದರೂ ಆ ಕಡೆಯವರ ಜೊತೆ ಹೆಚ್ಚು ಬೆರೆತರೆ ಅವರ ಮೇಲೂ ಗುಸುಗುಸು ಶುರು. ಅಧ್ಯಯನ ನಡೆಯುತ್ತಿದ್ದಾಗಲೇ ಎರಡೂ ಕಡೆಯ ಪುಂಡ ಹುಡುಗರ ಪ್ರಮಾಣ ಸುಮಾರು ಒಂದೇ ಮಟ್ಟಕ್ಕೆ ಬಂತು. ಅಂಕಿ ಬದಲಾಯಿತು, ಮಾತು ಬದಲಾಗಲಿಲ್ಲ.

ಅದಕ್ಕೆ ಎಲಿಯಾಸ್ ಕೊಡುವ ಕಾರಣವೇ ನನಗೆ ಮುಖ್ಯ ಅನ್ನಿಸಿದ್ದು. ಹಳಬರಿಗೆ ಶಕ್ತಿ ಬಂದದ್ದು ದುಡ್ಡಿನಿಂದಲ್ಲ. ಅವರು ಒಬ್ಬರನ್ನೊಬ್ಬರು ಬಲ್ಲವರು. ಯಾರ ಅಜ್ಜ ಯಾರ ಜೊತೆ ಕೆಲಸ ಮಾಡಿದ್ದ, ಯಾರ ಮದುವೆಯಲ್ಲಿ ಏನಾಯಿತು, ಎಲ್ಲ ಗೊತ್ತು. ಒಂದು ಸುದ್ದಿ ಹುಟ್ಟಿದರೆ ಸಂಜೆಯೊಳಗೆ ಎಲ್ಲರ ಮನೆ ಸೇರುತ್ತದೆ. ಹೊಸಬರೋ, ಬೇರೆ ಬೇರೆ ಕಡೆಯಿಂದ ಬಂದವರು, ಅವರಿಗೆ ಪಕ್ಕದ ಮನೆಯವರೇ ಗೊತ್ತಿಲ್ಲ. ಹಳಬರ ಮಾತಿಗೆ ತಿರುಗಿ ಹೇಳಬೇಕಾದರೆ ‘ನಾವು’ ಅನ್ನಬೇಕು, ಅವರ ಬಳಿ ಆ ಪದವೇ ಇರಲಿಲ್ಲ. ಕೊನೆಗೆ ಅವರಲ್ಲೇ ಕೆಲವರು, ಹೌದಪ್ಪ, ನಮ್ಮ ಕಡೆ ಸರಿಯಿಲ್ಲ ಅಂತ ಒಪ್ಪಿಕೊಂಡುಬಿಟ್ಟಿದ್ದರು. ಹೊರಗಿನವರ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಬೇಸರದ ವಿಷಯ ಇನ್ನೊಂದಿಲ್ಲ. ನಿಮ್ಮ ಬಗ್ಗೆ ಬೇರೆಯವರು ಹೇಳುವ ಕಥೆ ಕೇಳಿ ಕೇಳಿ ಅದೇ ನಿಮ್ಮ ಕಥೆ ಆಗಿಬಿಡುತ್ತದೆ, ಯಾಕೆಂದರೆ ನಿಮ್ಮದು ಅಂತ ಹೇಳಿಕೊಳ್ಳಲು ಬೇರೆ ಕಥೆ ಇರುವುದಿಲ್ಲ.

ಇದನ್ನು ಬರೆದ ಎಲಿಯಾಸ್ ಯಾರು? ಜರ್ಮನಿಯ ಯಹೂದಿ. ಹಿಟ್ಲರ್ ಬಂದ 1933ರಲ್ಲೇ ದೇಶ ಬಿಟ್ಟವರು. ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸ ಅಂತ ಮೊದಲ ಸಲ ಸಿಕ್ಕಿದ್ದು 1954ರಲ್ಲಿ, ಲೆಸ್ಟರ್‌ನಲ್ಲಿ, ಆಗ ಅವರಿಗೆ 57 ವರ್ಷ. ಈ ವಿಷಯದ ಮೇಲೆ ಬರೆದವರನ್ನು ಹುಡುಕುತ್ತಾ ಹೋದರೆ ಇಂಥವರೇ ಸಿಗುತ್ತಾರೆ. ಗಿಯೋರ್ಗ್ ಸಿಮ್ಮೆಲ್ ಅನ್ನುವ ಜರ್ಮನ್ ಸಮಾಜಶಾಸ್ತ್ರಜ್ಞರು 1908ರಲ್ಲೇ ಇದರ ಮೇಲೆ ಕೆಲವೇ ಪುಟ ಬರೆದರು, ಈಗಲೂ ಜನ ಅದನ್ನೇ ಹಿಡಿದು ಮಾತು ಶುರು ಮಾಡುತ್ತಾರೆ. ಬರ್ಲಿನ್ನಿನಲ್ಲಿ ಅವರ ಪಾಠ ಕೇಳಲು ಜನ ಕಿಕ್ಕಿರಿಯುತ್ತಿದ್ದರು, ಪೂರ್ಣ ಪ್ರಾಧ್ಯಾಪಕ ಹುದ್ದೆ ಮಾತ್ರ ಸಿಕ್ಕಿದ್ದು 1914ರಲ್ಲಿ, 56ನೇ ವಯಸ್ಸಿನಲ್ಲಿ, ಅದೂ ದೂರದ ಸ್ಟ್ರಾಸ್‌ಬರ್ಗಿನಲ್ಲಿ. ಆಲ್ಫ್ರೆಡ್ ಶುಟ್ಸ್ ಅಂತ ಇನ್ನೊಬ್ಬರು ವಿಯೆನ್ನಾ ಬಿಟ್ಟು ನ್ಯೂಯಾರ್ಕ್ ಸೇರಿದವರು, ಹಗಲು ಬ್ಯಾಂಕಿನ ಕೆಲಸ ಮಾಡಿ ರಾತ್ರಿ ತತ್ವಶಾಸ್ತ್ರ ಬರೆದವರು. ಒಳಗಿದ್ದವರಿಗೆ ಇದು ಬರೆಯುವ ವಿಷಯ ಅಂತಲೇ ಹೊಳೆಯುವುದಿಲ್ಲ, ಅಲ್ವಾ? ಮೀನಿಗೆ ನೀರು ಕಾಣದ ಹಾಗೆ.

ಶುಟ್ಸ್ 1944ರಲ್ಲಿ ಹೇಳಿದ್ದು ಇದನ್ನೇ. ಒಳಗಿನವರ ಹತ್ತಿರ ದಿನಕ್ಕೆ ಬೇಕಾದ ಎಲ್ಲದಕ್ಕೂ ಸಿದ್ಧ ಪಾಕ ಇರುತ್ತದೆ. ಯಾರಿಗೆ ಮೊದಲು ಹೇಳಬೇಕು, ಎಲ್ಲಿ ತಮಾಷೆ ಮಾಡಬಹುದು, ಯಾವ ‘ನೋಡೋಣ’ಕ್ಕೆ ‘ಆಗಲ್ಲ’ ಅಂತ ಅರ್ಥ. ಅವರು ಅದನ್ನು ಯೋಚಿಸುವುದಿಲ್ಲ, ಕೈ ತಾನಾಗಿ ಓಡುತ್ತದೆ. ಹೊರಗಿನಿಂದ ಬಂದವನಿಗೆ ಪ್ರತಿಯೊಂದೂ ಲೆಕ್ಕ. ನಾನು ಆ ಕೆಲಸದಲ್ಲಿ ಮೊದಲ ಆರು ತಿಂಗಳು ಸಂಜೆ ಮನೆಗೆ ಹೋದರೆ ಸುಸ್ತಾಗಿ ಬಿದ್ದುಕೊಳ್ಳುತ್ತಿದ್ದೆ. ಕೆಲಸ ಅಷ್ಟೇನೂ ಇರಲಿಲ್ಲ. ಮಧ್ಯಾಹ್ನ ಊಟದ ಮೇಜಿನಲ್ಲಿ ಯಾವ ಕುರ್ಚಿ ಯಾರದು ಅಂತ ಗೊತ್ತಿಲ್ಲದೆ, ಎಲ್ಲರೂ ಕೂತ ಮೇಲೆ ಉಳಿದದ್ದರಲ್ಲಿ ಕೂರಲು, ದಿನಾ ಎರಡು ನಿಮಿಷ ಬೇಕಂತಲೇ ಕೈ ತೊಳೆಯುತ್ತಾ ನಿಲ್ಲುತ್ತಿದ್ದೆ. ಇಂಥವೇ ಇಪ್ಪತ್ತು ಸೇರಿದರೆ ಸುಸ್ತಾಗದೆ ಇನ್ನೇನು.

ಹೊರಗಿನವನಿಗೆ ಎಲ್ಲ ಚೆನ್ನಾಗಿ ಕಾಣುತ್ತದೆ, ಅದೊಂದು ವರ ಅಂತ ಹೇಳುವವರಿದ್ದಾರೆ. ಕಾಣುತ್ತದೆ ಸರಿ. ನೋಡುವುದು ಬಿಟ್ಟು ಅವನಿಗೆ ಬೇರೆ ಕೆಲಸ ಏನಿದೆ? ಆ ಒಂಬತ್ತು ಜನರಲ್ಲಿ ಯಾರಿಗೆ ಯಾರ ಮೇಲೆ ಮುನಿಸು, ಯಾರು ಯಾರ ಕಣ್ಣು ತಪ್ಪಿಸುತ್ತಾರೆ, ಎಲ್ಲ ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ಇನ್ನೂ ಒಂದಿದೆ. ಅವರಲ್ಲಿ ಮೂವರು ಬೇರೆ ಬೇರೆ ದಿನ ಬಂದು ನನ್ನ ಹತ್ತಿರ ತಮ್ಮ ಕಷ್ಟ ಹೇಳಿಕೊಂಡರು, ಗಂಡನ ಸಾಲ, ಬಿಡಬೇಕೆಂದಿರುವ ಕೆಲಸ, ಇಂಥದ್ದು. ನನ್ನನ್ನು ನಂಬಿದರು ಅಂತ ಬೀಗಿದೆ. ಸಿಮ್ಮೆಲ್ ಓದಿದ ಮೇಲೆ ಜಂಬ ಇಳಿಯಿತು. ಇವತ್ತು ಬಂದು ನಾಳೆಯೂ ಇಲ್ಲೇ ಉಳಿಯುವ ಈ ಪರಕೀಯನ ಮುಂದೆ ಜನ ಮನಸ್ಸು ಬಿಚ್ಚುತ್ತಾರೆ, ಹತ್ತಿರದವರಿಗೆ ಹೇಳದ್ದನ್ನು ಅವನಿಗೆ ಹೇಳುತ್ತಾರೆ ಅಂತ ಅವರು ಆಗಲೇ ಬರೆದಿದ್ದರು. ಅವನು ಯಾರ ಕಡೆಯವನೂ ಅಲ್ಲವಲ್ಲ, ಅದಕ್ಕೆ. ನನ್ನ ಹತ್ತಿರ ಹೇಳಿದ್ದು ಗೋಡೆಗೆ ಹೇಳಿದ ಹಾಗೆ. ಗೋಡೆ ಯಾರಿಗೆ ಹೋಗಿ ಹೇಳುತ್ತದೆ?

ಒಳಗೆ ಬರಬೇಕು ಅಂತ ಹೊರಗಿನವರು ಮಾಡುವ ಪೆದ್ದುತನಗಳೂ ಕಡಿಮೆಯಿಲ್ಲ. ನಾನು ಎಲ್ಲದಕ್ಕೂ ‘ಹೌದು ಹೌದು’ ಅಂದೆ. ಇಷ್ಟವಿಲ್ಲದ ಆಟದ ಸ್ಕೋರ್ ಓದಿಕೊಂಡು ಬಂದೆ. ಯಾರನ್ನೋ ಆಡಿಕೊಳ್ಳುವಾಗ ನಾನೂ ಒಂದು ಮಾತು ಸೇರಿಸಿದೆ, ಅದು ಇವತ್ತಿಗೂ ನಾಚಿಕೆ. ಸಾಲೊಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ಮಾಡಿದ ಪ್ರಯೋಗ ನೀವು ಕೇಳಿರಬಹುದು. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. ಕಣ್ಣಿಗೆ ಎದ್ದು ಕಾಣುವ ಹಾಗೆ ಉದ್ದ ಗಿಡ್ಡ ಇರುವ ಗೆರೆಗಳನ್ನು ತೋರಿಸಿದರೆ ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬ ಸುಮಾರು ಮೂರರಲ್ಲಿ ಒಂದು ಸಲ ತನ್ನ ಕಣ್ಣನ್ನೇ ಬಿಟ್ಟು ಅವರ ಹಿಂದೆ ಹೋದ. ಎಲ್ಲರೂ ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಅದರ ಮುಂದಿನ ಭಾಗ. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕಿತ್ತು, ಹಾಗೆ ಹಿಂದೆ ಹೋಗುವುದು ಕಾಲು ಭಾಗಕ್ಕೆ ಇಳಿಯಿತು. ಗುಂಪು ಪೂರ್ತಿ ಬದಲಾಗಲಿಲ್ಲ. ಒಬ್ಬ ಬಂದ, ಅಷ್ಟೇ.

ಈಗ ಲಿಫ್ಟಿಗೆ ಬರುತ್ತೇನೆ. 14 ತಿಂಗಳ ಮೇಲೆ ಒಂದು ಸಂಜೆ ಕೆಲಸ ಎಳೆಯಿತು. ನಾನು, ಇನ್ನೊಬ್ಬರು, ಇಬ್ಬರೇ ಉಳಿದಿದ್ದೆವು. ಫೈಲ್ ಅಪ್‌ಲೋಡ್ ಆಗುವುದನ್ನು ಕಾಯುತ್ತಾ ಅವರು ಹಳೆಯದೆಲ್ಲ ಮಾತಾಡುತ್ತಾ ‘ಅವತ್ತು ಲಿಫ್ಟಲ್ಲಿ ಆಯ್ತಲ್ಲ, ನೀನೂ ಇದ್ದೆಯಲ್ಲ’ ಅಂದರು.

‘ಇಲ್ಲ, ನಾನು ಆಗ ಸೇರಿರಲಿಲ್ಲ.’

‘ಹೌದಾ? ಇದ್ದೆ ಅಂದ್ಕೊಂಡಿದ್ದೆ.’ ಆಮೇಲೆ ಕಥೆ ಹೇಳಿದರು.

ನೀನು ಅಂದದ್ದು ಅವರ ಗಮನಕ್ಕೇ ಬರಲಿಲ್ಲ. ನಾನಿಲ್ಲದ ದಿನದಲ್ಲಿ ನನ್ನನ್ನು ತಂದು ನಿಲ್ಲಿಸಿದ್ದೂ ಗಮನಕ್ಕೆ ಬರಲಿಲ್ಲ. ಯಾವತ್ತೋ ಒಂದು ದಿನ, ನನಗೂ ಅವರಿಗೂ ತಿಳಿಯದ ಹಾಗೆ, ನಾನು ಒಳಗೆ ಬಂದಾಗಿತ್ತು. ಮಾರನೆಯ ದಿನ ಯಾರೋ ತಡವಾಗಿ ಬಂದರು, ನಾನು ಸರಿಯಾದ ಹೊತ್ತಿಗೆ ನಕ್ಕೆ.

ಇಷ್ಟಕ್ಕೇ ನಿಲ್ಲಿಸಿದರೆ ನನಗೆ ಒಳ್ಳೆಯದಿತ್ತು. ಆದರೆ ಸುಮಾರು ಐದು ವರ್ಷವಾದ ಮೇಲೆ ಒಬ್ಬಳು ಹುಡುಗಿ ಹೊಸದಾಗಿ ಸೇರಿದಳು. ಅಷ್ಟೊತ್ತಿಗೆ ಹಳೆಯ ಒಂಬತ್ತರಲ್ಲಿ ನಾಲ್ಕು ಜನ ಉಳಿದಿದ್ದರು. ಯಾರೋ ‘ಲಿಫ್ಟು ಬಂತಾ?’ ಅಂದರು, ನಕ್ಕೆವು, ಅವಳೂ ನಕ್ಕಳು, ಅರೆಕ್ಷಣ ತಡವಾಗಿ. ನನ್ನ ಕಡೆ ತಿರುಗಿ ‘ಏನ್ಸಾರ್ ಅದು?’ ಅಂದಳು. ನಾನು ಕಣ್ಣೊರೆಸಿಕೊಳ್ಳುತ್ತಾ ಏನಂದೆ ಅಂತ ನಿಮಗೆ ಗೊತ್ತಾಗಿದೆ. ಅದೇ ಮಾತು. ಅದೇ ರಾಗ. ‘ಬಿಡಮ್ಮ’ ಅಂದೆ, ಇನ್ನೂ ಸ್ವಲ್ಪ ಪ್ರೀತಿಯಿಂದ.

ಅವತ್ತು ರಾತ್ರಿ ಮಲಗಿದ ಮೇಲೆ ಹೊಳೆಯಿತು. ನಾನು ಅಷ್ಟೆಲ್ಲ ಓದಿದವನು, ಅನುಭವಿಸಿದವನು, ನನ್ನ ಬಾಯಿಂದಲೇ ಬಂತು. ಅವಳನ್ನು ದೂರ ಇಡಬೇಕು ಅಂತ ನನ್ನ ಮನಸ್ಸಿನಲ್ಲಿ ಒಂದಿಷ್ಟೂ ಇರಲಿಲ್ಲ. ನಗು ಬಂದಿತ್ತು, ವಿವರಿಸಲು ಸೋಮಾರಿತನ. ಹಾಗಾದರೆ ನನಗೆ ‘ಬಿಡಿ’ ಅಂದವರ ಮನಸ್ಸಿನಲ್ಲೂ ಇದ್ದದ್ದು ಇಷ್ಟೇ. 14 ತಿಂಗಳು ನಾನು ಏನೇನೋ ಅರ್ಥ ಕಟ್ಟಿಕೊಂಡಿದ್ದೆ, ನನ್ನ ಮಾತು ಸರಿಯಿಲ್ಲ, ನನ್ನ ಬಟ್ಟೆ ಸರಿಯಿಲ್ಲ, ಮೊದಲ ವಾರ ಏನೋ ತಪ್ಪು ಮಾಡಿದ್ದೇನೆ ಅಂತ. ಆ ಕಡೆ ಇದ್ದದ್ದು ಬರೀ ಸೋಮಾರಿತನ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಮಾರನೆಯ ದಿನ ಅವಳನ್ನು ಕೂರಿಸಿಕೊಂಡು ಲಿಫ್ಟಿನ ಕಥೆ ಪೂರ್ತಿ ಹೇಳಿದೆ. ಅವಳಿಗೆ ನಗು ಬರಲಿಲ್ಲ. ಮರ್ಯಾದೆಗೆ ತಲೆಯಾಡಿಸಿದಳು. ಆಮೇಲೆ ತಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆಯ ಒಂದು ಪ್ರಿಂಟರ್ ಕಥೆ ಹೇಳಿದಳು. ನನಗೂ ನಗು ಬರಲಿಲ್ಲ. ಆದರೆ ಮುಂದಿನ ವಾರ ನಮ್ಮ ಪ್ರಿಂಟರ್ ಕೆಟ್ಟು ನಿಂತಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಒಟ್ಟಿಗೆ ನಕ್ಕೆವು. ಉಳಿದವರೆಲ್ಲ ‘ಏನದು, ಏನದು?’ ಅಂತ ಕೇಳಿದರು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಹತ್ತು ನಿಮಿಷ ಪ್ರಶ್ನೆಗಳಿದ್ದವು, ಅವನ್ನೂ ಬರೆಯುತ್ತೇನೆ.

ಒಬ್ಬ ಹಿರಿಯರು, ಒಂಟಿಯಾಗಿ ಇರುವುದೇ ಇಷ್ಟ ಅನ್ನುವವರೂ ಇರುತ್ತಾರಲ್ಲ ಅಂದರು. ಇರುತ್ತಾರೆ, ನನಗೂ ಅರ್ಧ ದಿನ ಹಾಗೇ ಬೇಕು. ಕರೆದಾಗ ‘ಬರಲ್ಲ’ ಅನ್ನುವವನು ಹೊರಗಿನವನಲ್ಲ. ಅವನ ಕೈಯಲ್ಲಿ ಚೆಂಡು ಇದೆ, ಎಸೆಯಲು ಮನಸ್ಸಿಲ್ಲ. ನಾನು ಹೇಳಿದ್ದು ಕೈ ಚಾಚಿ ನಿಂತವರ ಬಗ್ಗೆ.

ಇನ್ನೊಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು, ಒಳಗೆ ಬರಬೇಕಾದವರೇ ಪ್ರಯತ್ನ ಮಾಡಬೇಕಲ್ವಾ, ಎಲ್ಲ ನಾವೇ ಮಾಡಬೇಕಾ ಅಂತ. ನಾನು ಅವರ ಆ ‘ನಾವೇ’ಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದೆ. ಸಭೆ ನಕ್ಕಿತು, ಅವರೂ ನಕ್ಕರು. ಅರ್ಧ ಅವರು ಹೇಳಿದ್ದು ನಿಜವೇ. ನಾನೂ ಪ್ರಯತ್ನ ಮಾಡಿದ್ದೆ, ಏನದು ಲಿಫ್ಟು ಅಂತ ಎರಡನೇ ದಿನವೇ ಕೇಳಿದ್ದೆ.

ಕೊನೆಗೆ ಸಾಲಿನ ತುದಿಯ ಕುರ್ಚಿಯಿಂದ ಒಬ್ಬರು ಕೈ ಎತ್ತಿದರು. ಮೊದಲಿಂದ ಫೋನ್ ಹಿಡಿದುಕೊಂಡೇ ಕೂತಿದ್ದವರು. ‘ಎಲ್ಲ ಸರಿ, ಆ ಲಿಫ್ಟಿನ ಕಥೆ ಏನು ಅಂತ ಹೇಳಲೇ ಇಲ್ಲವಲ್ಲ.’

ಹೇಳಿದೆ. ಆ ವಿಭಾಗದ ಮುಖ್ಯಸ್ಥರು ಸಮಯದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೆಳಗ್ಗೆ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತು, ಐದು ನಿಮಿಷ ತಡವಾದರೂ ಕೆಂಪು ಶಾಯಿಯಲ್ಲಿ ಗುರುತು ಹಾಕುವವರು. ಲಿಫ್ಟು ಬರಲಿಲ್ಲ ಸಾರ್ ಅಂದರೆ ಮೆಟ್ಟಿಲು ಇರಲಿಲ್ವಾ ಅನ್ನುವವರು. ಒಂದು ದಿನ ಅವರೇ ಬಂದಿರಲಿಲ್ಲ. ನೋಡಿದರೆ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟು ನಿಂತಿದೆ, ಒಳಗೆ ಅವರು. ಯಾರೋ ಹೋಗಿ ಬಾಗಿಲಿಗೆ ಬಾಯಿ ಇಟ್ಟು ‘ಸಾರ್, ಲಿಫ್ಟು ಬಂತಾ?’ ಅಂತ ಕೂಗಿದರು. ಒಳಗಿನಿಂದ ಉತ್ತರ ಬಂತು, ‘ನಾನು ಬಂದಿದ್ದೀನಿ ಕಣ್ರೀ, ಮೊದಲು ನನ್ನ ಹಾಜರಿ ಹಾಕಿ!’

ಒಂದು ನಿಮಿಷವೂ ಹಿಡಿಯಲಿಲ್ಲ. ಅಲ್ಲಲ್ಲಿ ಒಂದಿಬ್ಬರು ನಕ್ಕರು. ಕೇಳಿದವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ‘ಅಷ್ಟೇನಾ?’ ಅಂದರು.

ಅಷ್ಟೇ ಅಂದೆ.